ಓಮದಿಂದ ಟೊಮೇಟೊಕ್ಕೆ ಒಂದು ಗೆರೆ

ಹೊಸ ಹವಾಯಿ ಚಪ್ಪಲಿಯ ರಬ್ಬರ್ ವಾಸನೆ ಮೂಗಿಗೆ ಬಡಿದಾಗಲೆಲ್ಲ ನನಗೆ ರೇಖಾಗಣಿತ ನೆನಪಾಗುತ್ತದೆ. ನಗಬೇಕೆನಿಸಿದರೆ ನಗಿ. ಮೊನ್ನೆ ಬಿಬವೇವಾಡಿಯ ಚಪ್ಪಲಿ ಅಂಗಡಿಯಲ್ಲಿ ನಾನೂ ಒಬ್ಬಳೇ ನಕ್ಕುಬಿಟ್ಟೆ. ಬಚ್ಚಲಿಗೆಂದು ಒಂದು ಜೊತೆ ಚಪ್ಪಲಿ ಕೊಳ್ಳಲು ಹೋದವಳು ಕಾಲಿಗೆ ಹಾಕಿ ನೋಡುವುದನ್ನು ಬಿಟ್ಟು, ಅದರ ಮೈಯನ್ನು ಹೆಬ್ಬೆರಳಿನಿಂದ ಒತ್ತುತ್ತ, ಇದರಲ್ಲಿ ಗುಂಡುಸೂಜಿ ಎಷ್ಟು ಆಳ ಇಳಿದೀತು ಎಂದು ಅಂದಾಜು ಮಾಡುತ್ತ ನಿಂತಿದ್ದೆ. ಅಂಗಡಿಯವನು ಗಾಬರಿಯಾಗಿ "ಕಾಯ್ ಝಾಲಂ, ತಾಯಿ?" ಎಂದು ಕೇಳಿದ. ಏನಾಯಿತೆಂದು ಅವನಿಗೆ ಹೇಳಲು ಹೊರಟಿದ್ದರೆ ಅವನ ಮಧ್ಯಾಹ್ನದ ಊಟ ತಪ್ಪುತ್ತಿತ್ತು. ನಿಮಗಾದರೆ ಹೇಳಬಹುದು. ಇಂಥದ್ದನ್ನು ಓದಲು ಕೂತಿದ್ದೀರೆಂದರೆ ನಿಮ್ಮ ಊಟ ಮುಗಿದಿರಬೇಕು.

ನಾನು ಓದಿದ್ದು ಪುಣೆಯ ಒಂದು ಕನ್ನಡ ಶಾಲೆಯಲ್ಲಿ. ವಿಜಾಪುರ, ಧಾರವಾಡ, ಗುಲಬರ್ಗಾ ಕಡೆಯಿಂದ ಬಂದು ಇಲ್ಲಿ ಆಫೀಸು ಅಂಗಡಿಗಳಲ್ಲಿ ನೆಲೆನಿಂತವರ ಮಕ್ಕಳು, ಹೋಟೆಲು ನಡೆಸುವ ಕರಾವಳಿಯವರ ಮಕ್ಕಳು, ಎಲ್ಲ ಸೇರಿ ಒಂದು ತರಗತಿಗೆ ಇಪ್ಪತ್ತೈದು ಜನ ಆಗುತ್ತಿದ್ದೆವು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಜಗಳಕ್ಕೆ ಹಿಂದಿ. ಶಿಕ್ಷಕಿಯರನ್ನು ಊರಿನ ರೂಢಿಯಂತೆ 'ಬಾಯಿ' ಎಂದು ಕರೆಯುತ್ತಿದ್ದೆವು. ಅದು ಮರಾಠಿಯ ಗೌರವದ ಮಾತು, ನಿಜ. ಆದರೆ ಗಣಿತದ ಕಮಲಾ ಬಾಯಿಯವರ ವಿಷಯದಲ್ಲಿ ಕನ್ನಡದ ಅರ್ಥವೂ ಚೆನ್ನಾಗಿಯೇ ಹೊಂದುತ್ತಿತ್ತು. ಅವರು ಕಲಿಸುತ್ತಿದ್ದದ್ದು ಹತ್ತನೆಯ ತರಗತಿಗೆ. ಹತ್ತನೆಯದಕ್ಕೂ ನಮ್ಮ ಒಂಬತ್ತನೆಯದಕ್ಕೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಅವರ ದನಿಯ ಮುಂದೆ ಆ ಹಲಗೆ ಯಾವ ಲೆಕ್ಕ? ಹೀಗಾಗಿ ನಾವು ಒಂಬತ್ತನೆಯವರು ಒಂದು ವರ್ಷ ಮುಂಚಿತವಾಗಿಯೇ ಬೈಸಿಕೊಳ್ಳುತ್ತಿದ್ದೆವು.

ಆ ಹಲಗೆಯ ಆಚೆ ಕೂರುತ್ತಿದ್ದವಳು ಮಂದಾಕಿನಿ. ಎಲ್ಲರ ಬಾಯಲ್ಲಿ ಮಂದಾ. ಆ ಹೆಸರಿಗೂ ಅವಳ ಬುದ್ಧಿಗೂ ಯಾವ ಸಂಬಂಧವೂ ಇರಲಿಲ್ಲ. ನಾಲ್ಕು ವರ್ಷದವಳಿದ್ದಾಗ ಬಂದ ಜ್ವರದಲ್ಲಿ ಅವಳ ಕಣ್ಣು ಹೋಗಿದ್ದವು. ಬೆಳಕು ಇದೆ, ಇಲ್ಲ ಎಂಬಷ್ಟು ಮಾತ್ರ ತಿಳಿಯುತ್ತಿತ್ತು. ಏಳನೆಯ ತರಗತಿಯವರೆಗೆ ಕುರುಡು ಮಕ್ಕಳ ಮರಾಠಿ ಶಾಲೆಯ ಹಾಸ್ಟೆಲಿನಲ್ಲಿದ್ದು ಓದಿದಳು. ಆಮೇಲೆ ಅವಳ ಅವ್ವ, ಮಗಳು ಮನೆಯ ರೊಟ್ಟಿ ತಿಂದು ಬೆಳೆಯಲಿ ಎಂದು ಹಟ ಹಿಡಿದು ಕರೆತಂದು ನಮ್ಮ ಶಾಲೆಗೆ ಸೇರಿಸಿದರು. ಅಪ್ಪನದು ಬಿಬವೇವಾಡಿಯಲ್ಲಿ ಟೇಲರುಗಳಿಗೆ ಗುಂಡಿ, ದಾರ, ಲೇಸು ಮಾರುವ ಪುಟ್ಟ ಅಂಗಡಿ.

ಅವಳು ಓದುತ್ತಿದ್ದದ್ದು ಬ್ರೈಲ್ ಲಿಪಿಯಲ್ಲಿ. ದಪ್ಪ ಕಾಗದದ ಮೇಲೆ ಮೊಳೆಯಂಥ ಒಂದು ಸಾಧನದಿಂದ ಟಕಟಕ ಚುಕ್ಕೆ ಒತ್ತಿ, ಹಾಳೆ ಮಗುಚಿ, ಎದ್ದ ಚುಕ್ಕೆಗಳನ್ನು ಬೆರಳಿನಿಂದ ಓದುವುದು. ನಮ್ಮ ಪಠ್ಯಪುಸ್ತಕಗಳು ಆ ಲಿಪಿಯಲ್ಲಿ ನಮ್ಮ ಶಾಲೆಗೆ ಎಲ್ಲಿಂದ ಬರಬೇಕು? ಯಾರಾದರೂ ಓದಿ ಹೇಳಬೇಕು, ಅವಳು ಒತ್ತಿಕೊಳ್ಳಬೇಕು. ಮರಾಠಿ ಶಾಲೆಯಿಂದ ಬಂದವಳಿಗೆ ಕನ್ನಡದ ಬ್ರೈಲ್ ಯಾರು ಕಲಿಸಿದರೆಂದು ನಾನೊಮ್ಮೆ ಕೇಳಿದ್ದೆ.

"ಕಲೀಲಿಕ್ಕೆ ಏನದ ಅದರಾಗ?" ಎಂದಳು. "ಮರಾಠಿ ಕ-ಕ್ಕೂ ಕನ್ನಡ ಕ-ಕ್ಕೂ ಚುಕ್ಕಿ ಒಂದ. ನಿಮ್ಮ ಕಣ್ಣಿಗೆ ಎರಡು ಲಿಪಿ ಬೇಕು. ನನ್ನ ಬೆರಳಿಗೆ ಒಂದ ಸಾಕು."

ನಮ್ಮ ಅಪ್ಪನೂ ಪಕ್ಕದ ಮನೆಯ ಕಾಕಾನೂ ಬೆಳಗಾವಿಯ ವಿಷಯಕ್ಕೆ ವರ್ಷಕ್ಕೆ ಎರಡು ಸಲ ಮಾತು ಬಿಡುತ್ತಿದ್ದರು. ಇಬ್ಬರನ್ನೂ ಹಿಡಿದು ಕೂರಿಸಿ ಬ್ರೈಲ್ ಕಲಿಸಬೇಕೆಂದು ನನಗೆ ಆಗ ಬಹಳ ಅನಿಸಿತ್ತು.

ಇನ್ನು ಹೆಡ್‌ಮಾಸ್ತರರು. ಒಳ್ಳೆಯವರೇ. ಅವರಿಗೆ ಎರಡು ವಸ್ತುಗಳ ಮೇಲೆ ಪ್ರೀತಿ: ಒಂದು ಸರ್ಕಾರದ ಸುತ್ತೋಲೆ, ಇನ್ನೊಂದು ತಮ್ಮ ಕೋಣೆಯ ಹೊರಗೆ ತೂಗುಹಾಕಿದ್ದ 'ಶೇಕಡಾ ನೂರು' ಎಂಬ ಫಲಿತಾಂಶದ ಹಲಗೆ. ಆ ವರ್ಷ ಇವೆರಡಕ್ಕೂ ಜಗಳ ಹತ್ತಿತು. ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಉಳಿದ ಮಕ್ಕಳ ಜೊತೆಗೇ ಕೂರಿಸಿ, ಪಾಠಕ್ರಮವನ್ನು ಅವರಿಗೆ ಹೊಂದಿಸಿಕೊಳ್ಳಬೇಕು ಎಂದು ಸುತ್ತೋಲೆ ಹೇಳುತ್ತಿತ್ತು. ಹೊಂದಿಸುವುದೆಂದರೆ ಕತ್ತರಿಸುವುದು ಎಂದು ಅವರು ತಿಳಿದುಕೊಂಡರು. ಒಂದು ದಿನ ಹತ್ತನೆಯ ತರಗತಿಗೆ ಬಂದು ಒಂದು ಪಟ್ಟಿ ಓದತೊಡಗಿದರು. ಹಲಗೆಯ ಈಚೆ ನಾವು ಉಸಿರು ಬಿಗಿಹಿಡಿದು ಕೇಳಿದೆವು.

"ಮಂದಾಕಿನಿ, ನಿನಗ ಭೂಗೋಳದಾಗ ನಕಾಶೆ ಇಲ್ಲ. ವಿಜ್ಞಾನದಾಗ ಚಿತ್ರ ಇಲ್ಲ. ಗಣಿತ ಪೂರಾ ಇಲ್ಲ, ಅದರ ಬದಲಿ ಸಣ್ಣ ತರಗತಿಯ ಅಂಕಗಣಿತ ಬರದ್ರ ಸಾಕು."

"ಹಂಗಾದ್ರ ಉಳಿದದ್ದು ಏನ್ರೀ ಸರ್," ಮಂದಾಳ ದನಿ ಬಂತು, "ಪ್ರಾರ್ಥನಾನ?"

ನಗು ತಡೆಯಲು ನಮ್ಮ ಸಾಲಿನಲ್ಲಿ ಒಬ್ಬಳು ಓಢಣಿಯ ತುದಿಯನ್ನೇ ಕಚ್ಚಿಕೊಂಡಳು. ಹೆಡ್‌ಮಾಸ್ತರರು ಬಯ್ಯಲಿಲ್ಲ. ಕುರುಡು ಹುಡುಗಿಯನ್ನು ಬಯ್ಯಬಾರದೆಂದು ಸುತ್ತೋಲೆಯಲ್ಲಿ ಇದೆಯೋ ಇಲ್ಲವೋ ಅವರಿಗೆ ಖಾತ್ರಿ ಇರಲಿಲ್ಲ. "ನಿನ್ನ ಒಳ್ಳೇದಕ್ಕವ್ವಾ" ಎಂದಷ್ಟೇ ಹೇಳಿ ಹೋದರು.

ಕಮಲಾ ಬಾಯಿಯವರೂ ಮೊದಲು ಅವರ ಕಡೆಗೇ ಇದ್ದರು. "ಆಕಿಗೆ ನಾ ಆಕೃತಿ ಹೆಂಗ ತೋರಸಲಿ?" ಎನ್ನುತ್ತಿದ್ದರು. ಅವರ ಕಲಿಸುವ ರೀತಿ ಹೀಗೆ: ಕರಿಹಲಗೆಯ ಮೇಲೆ ಸರಸರ ಗೆರೆ ಎಳೆದು, "ಇಲ್ಲಿಂದ ಇಲ್ಲಿಗೆ ಒಂದು ರೇಖೆ, ಈ ಕೋನ ಆ ಕೋನಕ್ಕ ಸಮ, ಆದ್ದರಿಂದ ಇದೂ ಅದೂ ಸಮ, ತಿಳೀತಿಲ್ಲೋ?" ಎನ್ನುವುದು. ಎಲ್ಲರೂ "ತಿಳೀತ್ರೀ" ಎನ್ನುವುದು. ಒಂದು ದಿನ ಮಂದಾ ಎದ್ದು ನಿಂತಳು.

"ಬಾಯಿ, ಯಾವ 'ಇಲ್ಲೆ'ಯಿಂದ ಯಾವ 'ಇಲ್ಲೆ'ಗೆ?"

ಬಾಯಿಯವರು ಸಿಡಿದರು. "ನಿನಗ ಕಾಣಸೂದಿಲ್ಲ, ನಾ ಏನ್ ಮಾಡಲಿ?"

"ತೋರಸಬ್ಯಾಡ್ರಿ, ಹೇಳ್ರಿ. ಕಾಣೂವರಿಗೆ ತಿಳದದ ಏನು, ಅದನ್ನೂ ಒಮ್ಮೆ ಕೇಳ್ರಿ."

ಬಾಯಿಯವರು ಕೇಳಿದರು. ಒಬ್ಬೊಬ್ಬರನ್ನೇ ಎಬ್ಬಿಸಿ, ಯಾವ ಕೋನ ಯಾವುದಕ್ಕೆ ಸಮ ಹೇಳು ಎಂದರು. ಹಲಗೆಯ ಈಚೆ ನಮಗೆ ಕೇಳಿಸಿದ್ದು ನಿಶ್ಶಬ್ದ, ಆಮೇಲೆ ಇನ್ನಷ್ಟು ನಿಶ್ಶಬ್ದ. ಎರಡು ಕಣ್ಣಿದ್ದ ಇಪ್ಪತ್ನಾಲ್ಕು ಜನರಿಗೂ ಏನೂ ತಿಳಿದಿರಲಿಲ್ಲ. ಅಂದು ಬಾಯಿಯವರು ಪಾಠ ಅಲ್ಲಿಗೇ ನಿಲ್ಲಿಸಿದರು. ಅವರ ದನಿ ಇಲ್ಲದ ಹತ್ತು ನಿಮಿಷವನ್ನು ನಾವು ಆ ಶಾಲೆಯಲ್ಲಿ ಮೊದಲ ಸಲ ಕೇಳಿದೆವು.

ಮರುವಾರ ಬಾಯಿಯವರು ಚೀಲದಿಂದ ಒಂದು ಹೊಚ್ಚ ಹೊಸ ಹವಾಯಿ ಚಪ್ಪಲಿ ತೆಗೆದರು. ಯಜಮಾನರಿಗೆಂದು ತಂದಿದ್ದ ಹತ್ತನೆಯ ನಂಬರಿನದು, ಬಲಗಾಲಿನದು, ಬಾರು ಕಿತ್ತು ಬೋಳಾಗಿಸಿದ್ದು. ರಟ್ಟು ಬಾಗುತ್ತದೆ, ಮರದಲ್ಲಿ ಸೂಜಿ ಇಳಿಯುವುದಿಲ್ಲ, ಆದರೆ ಚಪ್ಪಲಿಯ ರಬ್ಬರು ಸೂಜಿಯನ್ನು ಒಳಗೆ ಬಿಟ್ಟುಕೊಂಡು ಗಟ್ಟಿ ಹಿಡಿಯುತ್ತದೆ. ಒಂದು ಬಿಂದುವಿಗೆ ಒಂದು ಗುಂಡುಸೂಜಿ. ಸೂಜಿಯಿಂದ ಸೂಜಿಗೆ ಮಂದಾಳ ಅಪ್ಪನ ಅಂಗಡಿಯ ದಾರ ಸುತ್ತಿದರೆ ತ್ರಿಕೋನ. ಮೇಲೆ ಬಳೆ ಇಟ್ಟರೆ ವೃತ್ತ. ಬಳೆಯನ್ನು ಒಂದೇ ಒಂದು ಕಡೆ ತಾಗಿ ಹಾದುಹೋಗುವ ದಾರ ಸ್ಪರ್ಶಕ. ಆ ಹೆಸರು ಕೇಳಿ ಮಂದಾ ಹಿಗ್ಗಿದಳು. "ಪೂರಾ ಗಣಿತದಾಗ ಇದೊಂದಕ್ಕ ಶಾಣ್ಯಾ ಮನಿಶ್ಯಾ ಹೆಸರಿಟ್ಟಾನ" ಎಂದಳು. ಬಾಯಿಯವರ ಯಜಮಾನರು ಆ ವರ್ಷವೆಲ್ಲ ಎಡಗಾಲಿಗೆ ಹೊಸ ಚಪ್ಪಲಿ, ಬಲಗಾಲಿಗೆ ಹಳೆಯ ಚಪ್ಪಲಿ ಹಾಕಿಕೊಂಡು ಓಡಾಡಿದರೆಂದು ಶಾಲೆಯಲ್ಲಿ ಸುದ್ದಿ ಇತ್ತು. ನಾನು ಕಣ್ಣಾರೆ ಕಂಡಿಲ್ಲ.

ಚಪ್ಪಲಿಯಿಂದ ಒಂದು ತೊಂದರೆ ನೀಗಿತು, ಇನ್ನೊಂದು ಉಳಿಯಿತು. ಬಿಂದುಗಳ ಹೆಸರು ಎ, ಬಿ, ಸಿ, ಡಿ. ಕಿಟಕಿಯ ಹೊರಗೆ ರಸ್ತೆ, ರಸ್ತೆಯ ತುಂಬ ರಿಕ್ಷಾ. ಆ ಗದ್ದಲದಲ್ಲಿ ಬಿ, ಡಿ, ಪಿ, ಟಿ ಎಲ್ಲವೂ ಒಂದೇ 'ಈ' ಆಗಿ ಅವಳ ಕಿವಿಗೆ ಬೀಳುತ್ತಿದ್ದವು. ಉಳಿದವರು ಕರಿಹಲಗೆ ನೋಡಿಕೊಂಡರೆ ಆಯಿತು. ಇವಳೇನು ಮಾಡಬೇಕು? ತಾನೇ ಹೆಸರಿಟ್ಟಳು. ಎ ಎಂದರೆ ಅವಲಕ್ಕಿ, ಬಿ ಎಂದರೆ ಬಟಾಟಿ, ಸಿ ಸೀತಾಫಲ, ಡಿ ಡಬ್ಬಿ, ಪಿ ಪಡವಲಕಾಯಿ, ಟಿ ಟೊಮೇಟೊ. ವೃತ್ತದ ಕೇಂದ್ರ ಯಾವಾಗಲೂ ಓ, ಅದು ಓಮ. ಒಂದು ವಾರದಲ್ಲಿ ತರಗತಿಯೆಲ್ಲ ಅದೇ ಭಾಷೆ ಆಡತೊಡಗಿತು. ಬಾಯಿಯವರು ಮಾತ್ರ ಒಪ್ಪಲಿಲ್ಲ. "ಗಣಿತದ ಮರ್ಯಾದಿ ತೆಗೀಬ್ಯಾಡ್ರಿ" ಎಂದು ಗದರಿದರು. ಗದರಿದ ಮೂರನೆಯ ದಿನ ಅವರೇ ಏರಿದ ದನಿಯಲ್ಲಿ "ತ್ರಿಕೋನ ಅವಲಕ್ಕಿ-ಬಟಾಟಿ-ಸೀತಾಫಲ ಸಮದ್ವಿಬಾಹು ಇದ್ದು..." ಎಂದು ಶುರುಮಾಡಿ ನಡುವೆಯೇ ನಿಂತರು. ಹಲಗೆಯ ಎರಡೂ ಕಡೆ ಐವತ್ತು ಜನ ನಕ್ಕೆವು. ಬಾಯಿಯವರೂ ನಕ್ಕರು. ಅವರಿಗೆ ನಗು ಬರುತ್ತದೆಂದು ಅಂದೇ ಗೊತ್ತಾದದ್ದು.

ಈ ಕಥೆಯಲ್ಲಿ ನಾನು ಬರುವುದು ಇಲ್ಲಿಂದ. ಕಣ್ಣಿಲ್ಲದವರು ಪರೀಕ್ಷೆಯಲ್ಲಿ ಬಾಯಲ್ಲಿ ಹೇಳಬೇಕು, ಬೇರೊಬ್ಬರು ಬರೆಯಬೇಕು. ಆ ಬರೆಯುವವರನ್ನು ಎಲ್ಲರೂ 'ರೈಟರ್' ಎನ್ನುತ್ತಿದ್ದರು. ರೈಟರ್ ಒಂದು ತರಗತಿ ಕೆಳಗಿನವಳಾಗಿರಬೇಕು, ಅಂದರೆ ಅವಳಿಗೆ ಉತ್ತರ ಗೊತ್ತಿರಬಾರದು. ಒಂಬತ್ತನೆಯದರಲ್ಲಿ ನನ್ನ ಅಕ್ಷರ ಮುದ್ದಾಗಿತ್ತು, ಗಣಿತ ಸೊನ್ನೆಯಾಗಿತ್ತು. ಇದಕ್ಕಿಂತ ಯೋಗ್ಯಳು ಇನ್ಯಾರು? ನನ್ನನ್ನು ಆರಿಸಿದರು. ಅಭ್ಯಾಸವಾಗಲಿ ಎಂದು ವಾರಕ್ಕೆ ಮೂರು ದಿನ ಹಲಗೆ ದಾಟಿ ಹೋಗಿ ಮಂದಾಳ ಪಕ್ಕ ಕೂರುವ ಅಪ್ಪಣೆಯೂ ಸಿಕ್ಕಿತು. ನಮ್ಮ ಅಪ್ಪ ಸಂಭ್ರಮದಿಂದ ಕಂಡಕಂಡವರಿಗೆ "ನಮ್ಮ ಮಗಳು ಈಗ ರೈಟರ್ ರೀ" ಎಂದು ಹೇಳಿದರು. ಧಾರವಾಡದಿಂದ ಬಂದ ಒಬ್ಬ ನೆಂಟರು "ಹೌದೇನು! ಯಾವ ಪುಸ್ತಕ ಬರದಾಳ್ರೀ?" ಎಂದು ಕೇಳಿದ್ದಕ್ಕೆ ಅಪ್ಪ "ಇನ್ನೂ ಸಣ್ಣಾಕಿ, ಸದ್ಯಕ್ಕ ಮಂದೀದು ಬರೀತಾಳ" ಎಂದರು.

ತೊಂದರೆಯಾದದ್ದು ಅಲ್ಲೇ. ನಾನೂ ನನ್ನನ್ನು ರೈಟರ್ ಎಂದೇ ನಂಬಿಬಿಟ್ಟೆ.

ದೀಪಾವಳಿಗೆ ಮುಂಚಿನ ಅರ್ಧವಾರ್ಷಿಕ ಪರೀಕ್ಷೆ. ಕನ್ನಡ ಪತ್ರಿಕೆಯಲ್ಲಿ 'ನನ್ನ ಮೆಚ್ಚಿನ ಋತು' ಎಂಬ ಪ್ರಬಂಧ. ಮಂದಾ ಹೇಳಿದಳು: "ಮಳೆ ಬಂದಾಗ ರಿಕ್ಷಾಗಳು ನಿಧಾನವಾಗಿ ಹೋಗುತ್ತವೆ. ನಾನು ಯಾರ ಕೈಯೂ ಹಿಡಿಯದೆ ರಸ್ತೆ ದಾಟಬಹುದು. ಆದ್ದರಿಂದ ನನಗೆ ಮಳೆಗಾಲ ಇಷ್ಟ." ಬರೆಯುತ್ತಿದ್ದ ನನಗೆ ಇದು ಬಹಳ ಸಪ್ಪೆ ಎನಿಸಿತು. ಪಾಪ, ಮಾರ್ಕ್ಸು ಹೋಗುತ್ತದೆ ಎಂಬ ಕರುಣೆ ಬೇರೆ. ಅವಳು ಯೋಚಿಸಲೆಂದು ಹೇಳುವುದನ್ನು ನಿಲ್ಲಿಸಿದಾಗಲೆಲ್ಲ ನಾನು ಒಂದೊಂದು ಸಾಲು ಸೇರಿಸುತ್ತ ಹೋದೆ. ಹಸಿರು ಸೀರೆಯುಟ್ಟ ಭೂದೇವಿ ಬಂದಳು. ಮುತ್ತಿನ ಹನಿಗಳು ಬಂದವು. ಕೊನೆಗೆ "ಕಾಮನಬಿಲ್ಲಿನ ಏಳು ಬಣ್ಣಗಳನ್ನು ಕಂಡಾಗ ನನ್ನ ಮನಸ್ಸು ನವಿಲಾಗಿ ಕುಣಿಯುತ್ತದೆ" ಎಂದೂ ಬರೆದೆ. ಓದಿ ತೋರಿಸು ಎಂದಾಗ ನನ್ನ ಸಾಲುಗಳನ್ನು ಜಾಣತನದಿಂದ ಬಿಟ್ಟು ಅವಳವನ್ನಷ್ಟೇ ಓದಿದೆ.

ಕನ್ನಡ ಕಲಿಸುತ್ತಿದ್ದವರು ಹೆಡ್‌ಮಾಸ್ತರರೇ. ಪೇಪರು ಕೊಡುವ ದಿನ ಆ ಪ್ರಬಂಧವನ್ನು ಅವರು ತರಗತಿಗೆಲ್ಲ ಓದಿದರು. ಏಳು ಬಣ್ಣ ಬಂದಾಗ ಓದು ನಿಲ್ಲಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನೋಡ್ರಿ, ಹೊರಗಣ್ಣಿಲ್ಲ, ಆದ್ರ ಒಳಗಣ್ಣು ಎಂಥಾದ್ದು!" ಎಂದರು. ಮಂದಾ ಅಲ್ಲಾಡದೆ ಕೂತಿದ್ದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಬೆಂಚು ಬಿಸಿಯಾದಂತಿತ್ತು.

ಎಲ್ಲರೂ ಹೊರಗೆ ಹೋದ ಮೇಲೆ ಅವಳು ಕೇಳಿದಳು. "ಏಳು ಬಣ್ಣ ನಾ ಯಾವಾಗ ನೋಡಿದೆ?"

"ಚಂದ ಕಾಣ್ತದಂತ..." ಎಂದೆ.

"ಯಾರಿಗೆ? ನಾ ಬರದದ್ದು ರಿಕ್ಷಾದ ಮಾತು. ಅದು ನಂದು. ಅದನ್ನ ಯಾರೂ ಓದಲಿಲ್ಲ, ಸರ್ ಅತ್ತದ್ದು ನಿನ್ನ ನವಿಲ ನೋಡಿ. ಪೆನ್ನು ನೀ ಹಿಡಿ. ಪೇಪರ್ ನಂದು. ನನ್ನ ಪೇಪರಿನ್ಯಾಗ ನೀ ಬರಬ್ಯಾಡ."

ಮೂರು ದಿನ ಮಾತಾಡಲಿಲ್ಲ. ಬೇರೆ ರೈಟರ್ ಹುಡುಕಲು ಹೇಳುತ್ತಾಳೆಂದು ನಾನು ಮನೆಯಲ್ಲಿ ಊಟ ಬಿಟ್ಟೆ. ಅವ್ವ ಹುಳಿ ಸರಿಯಾಗಿಲ್ಲವೆಂದು ಬಿಟ್ಟೆನೆಂದುಕೊಂಡು ಎರಡು ದಿನ ಬೇಳೆಯ ಅಂಗಡಿಯವನನ್ನು ಬೈದಳು. ನಾಲ್ಕನೆಯ ದಿನ ಹಲಗೆಯಾಚೆಯಿಂದ ಕೂಗು ಬಂತು. "ಏ ಕೈ, ಬಾ ಇಲ್ಲೆ!" ಅಂದಿನಿಂದ ನನ್ನ ಹೆಸರು ಕೈ. ಕೈಗೆ ಬಾಯಿ ಇರಬಾರದು, ಭೂದೇವಿಯಂತೂ ಇರಲೇಬಾರದು.

ದೀಪಾವಳಿಯಾದ ಮೇಲೆ ಬೋರ್ಡ್ ಪರೀಕ್ಷೆಯ ಅರ್ಜಿ ಬಂತು. ಹೆಡ್‌ಮಾಸ್ತರರು ನನ್ನ ಕೈಗೆ ಮಂದಾಳ ಅರ್ಜಿ ಕೊಟ್ಟು, "ಕೆಳಗೊಂದು ಚೌಕ ಅದ ನೋಡು, ಗಣಿತದ ಬದಲಿ ಅಂಕಗಣಿತ ಅಂತ. ಅಲ್ಲೆ ಗುರುತು ಹಾಕು" ಎಂದರು. ಸಂಜೆ ಅಂಗಡಿಗೆ ಹೋದೆ. ಮಂದಾ ಗುಂಡಿಗಳನ್ನು ಮುಟ್ಟಿ ಮುಟ್ಟಿ ಎರಡು ತೂತಿನವು, ನಾಲ್ಕು ತೂತಿನವು ಎಂದು ಬೇರೆ ಮಾಡುತ್ತ ಕೂತಿದ್ದಳು.

"ಏನಂತ ಬರದಾರ, ಓದು."

"ವಿದ್ಯಾರ್ಥಿ ಇಚ್ಛಿಸಿದಲ್ಲಿ..."

"ಯಾರು ಇಚ್ಛಿಸಿದಲ್ಲಿ?"

"ವಿದ್ಯಾರ್ಥಿ."

"ಸರ್ ಇಚ್ಛಿಸಿದಲ್ಲಿ ಅಂತ ಎಲ್ಲೆರ ಅದ ಏನು? ಹಾಳಿ ತಿರುವಿ ನೋಡು."

ತಿರುವಿ ನೋಡಿದೆ. ಇರಲಿಲ್ಲ. ಅವಳ ಅಪ್ಪ ದಾರದ ಉಂಡೆ ಕೈಯಲ್ಲೇ ಹಿಡಿದು ನಿಂತಿದ್ದರು. ಗಣಿತದಲ್ಲಿ ಹೋದರೆ ಹತ್ತನೆಯ ತರಗತಿಯೇ ಹೋದಂತೆ. ಅದು ಅವರಿಗೂ ಗೊತ್ತು. "ಫೇಲ್ ಆದ್ರ ಹೆಂಗ ಮಾಡ್ತಿ ಮಗಳ?" ಎಂದು ಮೆಲ್ಲಗೆ ಕೇಳಿದರು.

"ಮತ್ತೊಮ್ಮೆ ಕೂಡ್ತೀನಿ ಅಪ್ಪಾ. ಕುಂತು ಫೇಲ್ ಆಗ್ತೀನಿ. ಹೊರಗ ನಿಂತು ಪಾಸ್ ಆಗೂದು ನನಗ ಬ್ಯಾಡ."

ಅವರು ಸಹಿ ಹಾಕಿದರು. ಚೌಕ ಖಾಲಿ ಉಳಿಯಿತು. ಮರುದಿನ ನಾನು ಆ ಅರ್ಜಿಯನ್ನು ಉಳಿದ ಇಪ್ಪತ್ನಾಲ್ಕರ ನಡುವೆ ಇಟ್ಟು ಹೆಡ್‌ಮಾಸ್ತರರ ಮೇಜಿನ ಮೇಲಿಟ್ಟೆ. ಸಹಿ ಮಾಡುವಾಗ ಅವರು ಓದುತ್ತಿರಲಿಲ್ಲ, ಸಹಿಯ ಕೊನೆಯ ಸುರುಳಿಯ ಮೇಲೆಯೇ ಅವರ ಧ್ಯಾನವೆಲ್ಲ. ಹಾಲ್ ಟಿಕೆಟ್ ಬಂದಾಗ ವಿಷಯ ಬಯಲಾಯಿತು. ಇಬ್ಬರನ್ನೂ ಕರೆಸಿ "ಇದು ಯಾರ ಕೆಲಸ?" ಎಂದು ಗುಡುಗಿದರು.

"ನನಗ ಬರೀಲಿಕ್ಕೆ ಬರೂದಿಲ್ಲಲ್ರೀ ಸರ್" ಎಂದಳು ಮಂದಾ.

"ನಾ ಬರೇ ರೈಟರ್ ರೀ ಸರ್. ಹೇಳಿದ್ದಷ್ಟ ಬರೀತೀನ್ರಿ" ಎಂದೆ ನಾನು.

ಹೆಡ್‌ಮಾಸ್ತರರು ಹೊರಗಿನ 'ಶೇಕಡಾ ನೂರು' ಹಲಗೆಯ ಕಡೆ ಒಮ್ಮೆ ನೋಡಿ ನಿಟ್ಟುಸಿರು ಬಿಟ್ಟರು.

ಪರೀಕ್ಷಾ ಕೇಂದ್ರ ಹಡಪಸರದ ಕಡೆಯ ಒಂದು ಮರಾಠಿ ಶಾಲೆ. ಬಾಯಲ್ಲಿ ಹೇಳಿ ಬರೆಸುವುದರಿಂದ ಉಳಿದವರಿಗೆ ತೊಂದರೆಯೆಂದು ನಮಗೆ ಆಟದ ಸಾಮಾನು ಇಡುವ ಕೋಣೆ ಕೊಟ್ಟರು. ಒಂದು ಕಡೆ ಹಗ್ಗ, ಒಂದು ಕಡೆ ಗಾಳಿ ಹೋದ ಚೆಂಡುಗಳು, ನಡುವೆ ನಾವಿಬ್ಬರು, ಎದುರಿಗೆ ಒಬ್ಬ ಮೇಲ್ವಿಚಾರಕರು. ಶಿರೂರಿನಿಂದ ಬೆಳಗಿನ ಬಸ್ಸು ಹಿಡಿದು ಬರುವ ಬಡಪಾಯಿ, ಕನ್ನಡ ಒಂದಕ್ಷರ ಬಾರದವರು. ಬೇರೆ ವಿಷಯಗಳೆಲ್ಲ ಸುಗಮವಾಗಿ ಮುಗಿದವು. ರೇಖಾಗಣಿತದ ದಿನ ನಾನು ಪ್ರಶ್ನೆ ಓದಿದೆ, ಮಂದಾ ಮಡಿಲಲ್ಲಿ ಬೆರಳಾಡಿಸುತ್ತ ಇಲ್ಲದ ಸೂಜಿಗಳಿಗೆ ಇಲ್ಲದ ದಾರ ಸುತ್ತಿ ಹೇಳತೊಡಗಿದಳು.

"ಓಮ ನಡಕ ಇಡು. ಟೊಮೇಟೊ ವೃತ್ತದ ಮ್ಯಾಲ. ಪಡವಲಕಾಯಿ ಹೊರಗ. ಓಮದಿಂದ ಟೊಮೇಟೊಕ್ಕ ಗೆರಿ ಎಳಿ. ಸೀತಾಫಲ ಅಲ್ಲೆಲ್ಲೂ ಇಲ್ಲ, ಬಿಡು. ಈಗ ಬಟಾಟಿ..."

ಮೇಲ್ವಿಚಾರಕರ ಕಿವಿ ನೆಟ್ಟಗಾಯಿತು. ಟೊಮೇಟೊ, ಸೀತಾಫಲ, ಬಟಾಟಿ ಅವರಿಗೂ ತಿಳಿಯುವ ಮಾತುಗಳು. "ಹೇ ಕಾಯ್ ಚಾಲಲಂಯ್?" ಎಂದು ಎದ್ದುನಿಂತರು. ಇಲ್ಲೇನು ನಡೆದಿದೆ, ಪೇಪರು ಬರೆಯುತ್ತಿದ್ದೀರೋ, ಸಂತೆಗೆ ಹೊರಟಿದ್ದೀರೋ ಎಂದು ಕೇಳಿದರು. ನಾನು ಮರಾಠಿಯಲ್ಲಿ ವಿವರಿಸಲು ಹೋಗಿ ತೊದಲಿದೆ. ತೊದಲಿದ್ದು ಕಂಡು ಅವರ ಸಂಶಯ ಗಟ್ಟಿಯಾಯಿತು. ಇದು ಉತ್ತರ ಹೇಳಿಕೊಡುವ ಗುಪ್ತಭಾಷೆಯೇ ಸರಿ ಎಂದು ಉತ್ತರಪತ್ರಿಕೆ ಕಿತ್ತುಕೊಂಡು ಕೇಂದ್ರದ ಮುಖ್ಯಸ್ಥೆಯನ್ನು ಕರೆಯಲು ಹೋದರು. ನನಗೆ ಅಳು ಬಂತು. ಇಡೀ ವರ್ಷದ ಶ್ರಮ ಒಂದು ಟೊಮೇಟೊದಿಂದ ಹೋಗುತ್ತಿತ್ತು. "ಅಳಬ್ಯಾಡ, ಹಾಳಿ ತೊಯ್ತದ" ಎಂದಳು ಮಂದಾ. ಹಾಳೆ ಇರಲೇ ಇಲ್ಲ.

ಮುಖ್ಯಸ್ಥೆ ಬಂದರು. ದಪ್ಪ ಕನ್ನಡಕದ, ನಗದ ಮುಖದ ಹೆಂಗಸು. ಮಂದಾ ಎದ್ದು ನಿಂತು ಪುಣೆಯ ಚೊಕ್ಕ ಮರಾಠಿಯಲ್ಲಿ, ನೀವಿಬ್ಬರೂ ಒಂದೊಂದು ಖಾಲಿ ಹಾಳೆ ತೆಗೆದುಕೊಳ್ಳಿ, ಪೇಪರಿನಲ್ಲಿ ಇಲ್ಲದ ಒಂದು ಆಕೃತಿ ಹೇಳುತ್ತೇನೆ, ಬರೆಯಿರಿ, ಇದು ಮೋಸವಾದರೆ ಆಮೇಲೆ ನನ್ನನ್ನು ಹೊರಗೆ ಹಾಕಿ ಎಂದಳು. ತರಕಾರಿಗಳನ್ನೂ ಅಲ್ಲೇ ಮರಾಠಿಗೆ ತಿರುಗಿಸಿದಳು. ಅವಲಕ್ಕಿಗೆ ಮರಾಠಿಯಲ್ಲಿ ಪೋಹೆ ಎನ್ನುವುದರಿಂದ ಅದು ಹೋಗಿ ಕೆಸುವಿನೆಲೆಯ 'ಅಳೂ' ಬಂತು, ಓಮ 'ಓವಾ' ಆಯಿತು. ಇಬ್ಬರೂ ಬರೆದರು. ಮುಖ್ಯಸ್ಥೆಯವರ ಆಕೃತಿ ಪುಸ್ತಕದಲ್ಲಿದ್ದಂತೆ ಬಂತು. ಮೇಲ್ವಿಚಾರಕರ ಸ್ಪರ್ಶಕ ವೃತ್ತದ ಹೊಟ್ಟೆ ಸೀಳಿಕೊಂಡು ಆಚೆ ಹೋಗಿತ್ತು. ಮುಖ್ಯಸ್ಥೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಆ ನಗದ ಮುಖದಲ್ಲೇ ಅವರಿಗೆ, "ಸರ್, ಈ ಹುಡುಗಿಯ ಹತ್ತಿರ ಟ್ಯೂಷನ್‌ಗೆ ಬರುತ್ತೀರಾ?" ಎಂದರು. ಉತ್ತರಪತ್ರಿಕೆ ನಮಗೆ ತಿರುಗಿ ಕೊಟ್ಟು, ಕಳೆದುಹೋದ ಇಪ್ಪತ್ತು ನಿಮಿಷ ಕೊನೆಯಲ್ಲಿ ಕೊಡಿ ಎಂದು ಹೇಳಿ ಹೋದರು. ಆ ಬಡಪಾಯಿಯೂ ಕೆಟ್ಟವರಲ್ಲ. ಮಂದಾಳಿಗೆ ತಾವೇ ಒಂದು ಲೋಟ ನೀರು ತಂದುಕೊಟ್ಟು, ದೂರ ಹೋಗಿ ಹಗ್ಗದ ರಾಶಿಯ ಮೇಲೆ ಕೂತರು.

ಆದರೆ ಮಂದಾ ದಣಿದಿದ್ದಳು. ದನಿ ಒಣಗಿತ್ತು. ಕೊನೆಗೊಂದು ಸುಲಭದ ಪ್ರಶ್ನೆ ಬಂತು. ವೃತ್ತದ ಅಂಚಿನಲ್ಲಿರುವ ಕೋನ ಐವತ್ತು, ಕೇಂದ್ರದಲ್ಲಿ ಎಷ್ಟು? ದುಪ್ಪಟ್ಟು ಮಾಡಬೇಕು, ನೂರು. ಏನೂ ಗೊತ್ತಿರಬಾರದ ನನಗೆ ಅಷ್ಟು ಹೊತ್ತಿಗೆ ಎಲ್ಲ ಗೊತ್ತಾಗಿತ್ತು. ಅವಳ ಪಕ್ಕ ಕೂತು ಕೂತು ನನಗೂ ಗಣಿತ ಬಂದುಬಿಟ್ಟಿತ್ತು. ಮಂದಾ ಹೇಳಿದಳು:

"ಓಮದ ಹತ್ತರ ಇಪ್ಪತ್ತೈದು."

ಅರ್ಧ ಮಾಡಿದ್ದಳು. ನನ್ನ ಪೆನ್ನು ನಿಂತಿತು. ಕೋಣೆಯಲ್ಲಿ ಕನ್ನಡ ಬಲ್ಲವರಿಲ್ಲ. ಅವಳಿಗೆ ಕಾಣದು. ನೂರು ಎಂದು ಬರೆದರೆ ಜಗತ್ತಿನಲ್ಲಿ ಯಾರಿಗೂ ತಿಳಿಯದು. ಅಷ್ಟೆಲ್ಲ ಹೋರಾಡಿದವಳು ಈ ಒಂದು ಪ್ರಶ್ನೆಗಾಗಿಯೇ ಫೇಲಾದರೆ?

"ಬರದಿ?" ಎಂದಳು.

"ಹೂಂ" ಎಂದೆ. ಇಪ್ಪತ್ತೈದು ಎಂದು ಬರೆದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟಪಟ್ಟು ಎರಡು ಅಂಕಿ ಬರೆದಿಲ್ಲ.

ಮನೆಗೆ ಹೋಗುವ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ಎರಡು ಸ್ಟಾಪು ದಾಟಿದ ಮೇಲೆ ತಡೆಯಲಾಗದೆ ಹೇಳಿಬಿಟ್ಟೆ. "ಮಂದಾ, ಆ ಕೊನೀ ಲೆಕ್ಕ... ಅದು ನೂರು ಆಗಬೇಕಿತ್ತು."

"ಗೊತ್ತದ" ಎಂದಳು.

"ಯಾವಾಗ ಗೊತ್ತಾತು?"

"ನಿನ್ನ ಪೆನ್ನಿನ ಸಪ್ಪಳ ನಿಂತಾಗ. ಅಷ್ಟೊತ್ತಿನ ತನಕ ಕರಕರ ಅಂತಿತ್ತು, ಒಮ್ಮೆಲೆ ನಿಂತ್ತು. ಏನೋ ತಪ್ಪಾಗ್ಯದ ಅಂತ ತಿಳೀತು. ಮನಸಿನ್ಯಾಗ ತಿರುಗಿ ಮಾಡಿದೆ, ನೂರು ಬಂತು."

"ಮತ್ತ ಯಾಕ ತಿದ್ದಲಿಲ್ಲ?"

"ನೀ ನಿಂತದ್ದಕ್ಕ ತಾನ ತಿಳದದ್ದು? ತಿದ್ದಿದ್ರ ಅದು ನಿನ್ನ ಉತ್ತರ ಆಗ್ತಿತ್ತು." ನನ್ನ ಮೊಣಕೈಗೆ ತಿವಿದಳು. "ಆ ತಪ್ಪು ನಂದು, ಇರಲಿ. ಆದ್ರ ಒಂದು ಹೇಳ್ತೀನಿ ಕೇಳು, ನೀ ಭಾಳ ಪ್ರಾಮಾಣಿಕ ಹುಡುಗಿ. ಒಮ್ಮೆ ಕೆಮ್ಮಲಿಕ್ಕೆ ಏನಾಗಿತ್ತು ನಿನಗ?"

ಇಬ್ಬರೂ ಎಷ್ಟು ನಕ್ಕೆವೆಂದರೆ ಕಂಡಕ್ಟರನು ಬಂದು ಟಿಕೆಟು ಇನ್ನೊಮ್ಮೆ ನೋಡಿಕೊಂಡು ಹೋದ.

ಮಂದಾ ಪಾಸಾದಳು. ಗಣಿತದಲ್ಲಿ ನೂರೈವತ್ತಕ್ಕೆ ತೊಂಬತ್ನಾಲ್ಕು. 'ಶೇಕಡಾ ನೂರು' ಹಲಗೆ ಅಲ್ಲಾಡಲಿಲ್ಲ. ವಾರ್ಷಿಕೋತ್ಸವದಲ್ಲಿ ಹೆಡ್‌ಮಾಸ್ತರರು "ನಮ್ಮ ಶಾಲೆಯ ವಿಶೇಷ ಪಾಠಕ್ರಮ"ದ ಬಗ್ಗೆ ಅರ್ಧ ಗಂಟೆ ಮಾತಾಡಿದರು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ, 'ಬೋಧನೋಪಕರಣ' ಎಂಬ ಚೀಟಿ ಅಂಟಿಸಿಕೊಂಡು, ಕಮಲಾ ಬಾಯಿಯವರ ಯಜಮಾನರ ಬಲಗಾಲಿನ ಚಪ್ಪಲಿ ಕೂತಿತ್ತು. ಅತಿಥಿಯಾಗಿ ಬಂದ ಶಿಕ್ಷಣ ಇಲಾಖೆಯ ಸಾಹೇಬರು ಅದಕ್ಕೆ ಹಾರ ಹಾಕಬೇಕೋ ಬೇಡವೋ ಎಂದು ತಿಳಿಯದೆ ಕೈಮುಗಿದರು.

ಈಗ ಮಂದಾ ಹಡಪಸರದ ಒಂದು ಮರಾಠಿ ಶಾಲೆಯಲ್ಲಿ ಇತಿಹಾಸ ಕಲಿಸುತ್ತಾಳೆ. ಗಣಿತವನ್ನೇಕೆ ಆರಿಸಲಿಲ್ಲ ಎಂದರೆ "ಮಂದೀನ್ನ ಗೋಳಾಡಿಸೂ ಬುದ್ಧಿ ನನಗಿಲ್ಲ" ಎನ್ನುತ್ತಾಳೆ. ಚಪ್ಪಲಿ ಅಂಗಡಿಯಿಂದ ಬಂದ ಸಂಜೆ ಅವಳಿಗೆ ಫೋನು ಮಾಡಿದೆ. ಅವಳು ಬೇರೆಯೇ ಸುದ್ದಿಯಲ್ಲಿದ್ದಳು. ಅವಳ ತರಗತಿಗೆ ಈ ವರ್ಷ ಕಿವಿ ಕೇಳದ, ಮಾತು ಬಾರದ ಒಬ್ಬ ಹುಡುಗಿ ಬಂದಿದ್ದಾಳೆ. ಕಣ್ಣು ಕಾಣದ ಶಿಕ್ಷಕಿ, ಕಿವಿ ಕೇಳದ ವಿದ್ಯಾರ್ಥಿನಿ, ಇದು ನಡೆಯುವುದಿಲ್ಲ ಎಂದು ಅಲ್ಲಿನ ಮುಖ್ಯಾಧ್ಯಾಪಕಿ ಹುಡುಗಿಯನ್ನು ಬೇರೆ ವಿಭಾಗಕ್ಕೆ ಹಾಕಲು ಹೊರಟಿದ್ದರಂತೆ. ಮಂದಾ ಒಂದು ತಿಂಗಳು ಕೊಡಿ ಎಂದು ಕೇಳಿ ಉಳಿಸಿಕೊಂಡಿದ್ದಾಳೆ. "ನಾ ಆಕೀನ್ನ ನೋಡೂದಿಲ್ಲ, ಆಕಿ ನನ್ನ ಕೇಳೂದಿಲ್ಲ. ಭಾಳ ಚೊಲೋ ನಡದದ. ಶನಿವಾರ ಬಾ" ಎಂದಳು.

ಹೋದೆ. ಹಿಂದಿನ ಬೆಂಚಿನಲ್ಲಿ ಕೂತೆ. ಹುಡುಗಿ ಮುಂದಿನ ಸಾಲಿನಲ್ಲಿ, ಎರಡು ಜಡೆ, ತುಂಟ ಕಣ್ಣು. ಮಂದಾ ಅವಳ ಕಡೆಗೇ ಮುಖ ಮಾಡಿ, ತುಟಿ ಕಾಣುವಂತೆ ಪಾಠ ಹೇಳುತ್ತಿದ್ದಳು. ಹುಡುಗಿಗೆ ಏನಾದರೂ ಕೇಳಬೇಕಾದಾಗ ಎದ್ದು ಬಂದು ಮಂದಾಳ ಅಂಗೈ ಮೇಲೆ ಬ್ರೈಲಿನ ಚುಕ್ಕೆಗಳನ್ನು ಬೆರಳಿನಿಂದ ಟಪಟಪ ಒತ್ತುತ್ತಿದ್ದಳು. ಎರಡೇ ವಾರದಲ್ಲಿ ಕಲಿತಳಂತೆ. ಮಂದಾ ಪ್ರಶ್ನೆಯನ್ನು ಗಟ್ಟಿಯಾಗಿ ಹೇಳಿ ಉತ್ತರ ಕೊಡುತ್ತಿದ್ದಳು. ಪೆನ್ನು ಹಿಡಿಯಲು, ಓದಿ ಹೇಳಲು, ನಡುವೆ ನಿಲ್ಲಲು ಅಲ್ಲಿ ಯಾರೂ ಬೇಕಾಗಿರಲಿಲ್ಲ. ನನ್ನ ಕೈಗೆ ಕೆಲಸವಿರಲಿಲ್ಲ. ಮಡಿಲಲ್ಲಿಟ್ಟುಕೊಂಡು ಕೂತೆ. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಪಾಠ ಮುಗಿಯುವ ಹೊತ್ತಿಗೆ ಹುಡುಗಿ ನನ್ನ ಕಡೆ ತಿರುಗಿ ನೋಡಿ, ಮಂದಾಳ ಅಂಗೈ ಮೇಲೆ ಏನನ್ನೋ ಉದ್ದಕ್ಕೆ ಒತ್ತಿದಳು. ಮಂದಾ ತಲೆ ಹಿಂದಕ್ಕೆ ಹಾಕಿ ಬಿದ್ದು ಬಿದ್ದು ನಕ್ಕಳು. ಈ ಪ್ರಶ್ನೆಯನ್ನು ಮಾತ್ರ ಗಟ್ಟಿಯಾಗಿ ಹೇಳಲಿಲ್ಲ.

ಹೊರಗೆ ಬಂದ ಮೇಲೆ ಕೇಳಿದೆ. "ನನ್ನ ಬಗ್ಗೆ ಏನಂದಳು ಆಕಿ?"

"ಹೇಳೂದಿಲ್ಲ" ಎಂದಳು ಮಂದಾ, ನನ್ನ ತೋಳು ಹಿಡಿದು ಮೆಟ್ಟಿಲು ಇಳಿಯುತ್ತ. "ಅದು ಆಕಿ ಮಾತು."